ಅಳಿವೆ ಮುಚ್ಚಿದ ಮಧ್ಯಾಹ್ನ

ಬಂದರಿನವರೆಲ್ಲ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಬಾವುಟದಮ್ಮ. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಅದಕ್ಕಿಂತ ಕೆಟ್ಟ ಅಡ್ಡಹೆಸರುಗಳು ಆ ಬಂದರಿನಲ್ಲಿ ಬೇಕಾದಷ್ಟಿದ್ದವು. ಅವಳ ಕೋಣೆಯಲ್ಲೇ ಕೂತು ರೇಡಿಯೋ ನೋಡಿಕೊಳ್ಳುವವನಿಗೆ ವರ್ಷವಿಡೀ ನೆಗಡಿ. ಹಾಗಾಗಿ ಅವನು ಸೀನಪ್ಪ. ಅವನ ನಿಜವಾದ ಹೆಸರು ಹೆಂಡತಿಗೆ ಬಿಟ್ಟರೆ ಇನ್ನು ಯಾರಿಗೂ ನೆನಪಿರಲಿಲ್ಲ.

ಬಂದರು ಕಚೇರಿಯ ಮಾಳಿಗೆಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಸಮುದ್ರ ಇವತ್ತು ಹೇಗಿದೆ, ನಾಳೆ ಹೇಗಿರುತ್ತದೆ, ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ದೋಣಿಯವರಿಗೆ ತಿಳಿಸುವುದು ಅವಳ ಕೆಲಸ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ರೇಡಿಯೋದಲ್ಲಿ ಓದುತ್ತಿದ್ದಳು. ಅಪಾಯವಿದ್ದ ದಿನ ಕೆಂಪು ಬಾವುಟ ಏರಿಸುತ್ತಿದ್ದಳು. ಬಾವುಟ ಏರಿತೆಂದರೆ ಅಳಿವೆ ಮುಚ್ಚಿತು ಎಂದೇ ಅರ್ಥ. ಅದು ಇಳಿಯುವವರೆಗೆ ಒಳಗಿನ ದೋಣಿ ಹೊರಗೆ ಹೋಗುವಂತಿಲ್ಲ, ಹೊರಗಿನದು ಒಳಗೆ ಬರುವಂತಿಲ್ಲ.

ಅಳಿವೆ ಎಂದರೆ ನದಿ ಸಮುದ್ರಕ್ಕೆ ಸೇರುವ ಬಾಯಿ. ಆ ಬಾಯಿಯ ಅಡ್ಡಕ್ಕೆ ನೀರಿನ ಕೆಳಗೆ ಒಂದು ಮರಳ ದಿಬ್ಬ ಮಲಗಿತ್ತು. ಉಬ್ಬರದ ಹೊತ್ತಿನಲ್ಲಿ ದಿಬ್ಬದ ಮೇಲೆ ಸಾಕಷ್ಟು ನೀರಿರುತ್ತದೆ, ಅಲೆಯೂ ನೀರೂ ಒಂದೇ ಕಡೆಗೆ ಒಳಗೆ ನುಗ್ಗುತ್ತವೆ, ದೋಣಿಗೆ ತೊಂದರೆ ಕಡಿಮೆ. ಇಳಿತದಲ್ಲಿ ಹಾಗಲ್ಲ. ನದಿಯ ನೀರೆಲ್ಲ ಹೊರಗೆ ಓಡುತ್ತಿರುತ್ತದೆ, ಅದಕ್ಕೆ ಎದುರಾಗಿ ಸಮುದ್ರದ ಅಲೆ ಒಳಗೆ ಬರುತ್ತದೆ. ಎರಡೂ ದಿಬ್ಬದ ಮೇಲೆ ಮುಖಾಮುಖಿಯಾದರೆ ಅಲೆ ಗೋಡೆಯ ಹಾಗೆ ಎದ್ದು ನಿಂತು, ಅಲ್ಲೇ ಕುಸಿದು ಬೀಳುತ್ತದೆ. ಅದರ ಕೆಳಗೆ ದೋಣಿಯಿದ್ದರೆ ದೇವರೇ ಗತಿ.

ಅವಳು ಕಚೇರಿಗೆ ಹೊಸದಾಗಿ ಸೇರಿದ ವರ್ಷ ಅಂಥದೊಂದು ನಡೆದಿತ್ತು. ಆಗಿನ ಸಾಹೇಬರು ದೋಣಿಯವರ ಗದ್ದಲಕ್ಕೆ ಹೆದರಿ ಬಾವುಟ ಇಳಿಸಿದ್ದರು. ಅಳಿವೆಯಲ್ಲಿ ಒಂದು ದೋಣಿ ಮಗುಚಿತು. ಅವಳ ಅಪ್ಪನೇ ತನ್ನ ದೋಣಿ ತೆಗೆದುಕೊಂಡು ಹೋಗಿ ಸಿಕ್ಕಷ್ಟು ಜನರನ್ನು ಎಳೆದು ತಂದಿದ್ದ. ಸಿಗದವರನ್ನು ಮುಂದಿನ ವಾರವಿಡೀ ಸಮುದ್ರವೇ ಒಬ್ಬೊಬ್ಬರಾಗಿ ತಂದು ದಡಕ್ಕೆ ಹಾಕಿತು. ಹೆಣಗಳ ಹೆಸರು ಬರೆದುಕೊಳ್ಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ಆಮೇಲೆ ಆ ಕುರ್ಚಿಗೆ ಅವಳೇ ಬಂದಳು. ಅಂದಿನಿಂದ ಗದ್ದಲಕ್ಕೆ ಹೆದರಿ ಬಾವುಟ ಇಳಿದ ದಿನವಿರಲಿಲ್ಲ.

ಅಪ್ಪನಿಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ಓದಿ ಗಾಜಿನ ಕೋಣೆ ಹತ್ತಿದಳು. ಚಿಕ್ಕವಳು ಹತ್ತಿದ್ದು ದೋಣಿ. ಅಳಿವೆಯಾಚೆಗಿನ ದ್ವೀಪಕ್ಕೆ ಜನರನ್ನು ಕೊಂಡೊಯ್ಯುವ ಹಳದಿ ಬಣ್ಣದ ದೋಣಿ ಮೊದಲು ಅಪ್ಪನದಾಗಿತ್ತು, ಈಗ ಅವಳದು. ಚುಕ್ಕಾಣಿ ಅವಳದ್ದು, ಟಿಕೆಟ್ ಕೊಡುವುದು ಅವಳ ಗಂಡನ ಕೆಲಸ. ‘ನಮ್ಮನೇಲಿ ಯಾವ ಕಡೆ ತಿರುಗಬೇಕು ಅಂತ ಹೇಳೋದು ಅವಳೇ’ ಎಂದು ಆ ಬಡಪಾಯಿ ನಗುತ್ತಲೇ ಹೇಳುತ್ತಿದ್ದ. ಅಪ್ಪ ದೊಡ್ಡ ಮಗಳ ಜೊತೆ, ಕಚೇರಿಯ ಹಿಂದಿನ ಕ್ವಾರ್ಟರ್ಸಿನಲ್ಲಿದ್ದ. ಮಹಾ ಮಾತುಗಾರ. ಹಜಾಮನ ಅಂಗಡಿಯಲ್ಲಿ ಅಪ್ಪ ಕೂತನೆಂದರೆ ಕ್ಷೌರ ಮುಗಿಯುವುದಕ್ಕೆ ಅರ್ಧ ದಿನ ಬೇಕಿತ್ತು; ಹಜಾಮ ಕತ್ತರಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿ ಹೆಸರಿಗೂ ಇರಲಿಲ್ಲ. ಆದರೆ ಆಳ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ತೇಲುಯಂತ್ರ ಕಳಿಸುತ್ತಿದ್ದ ಅಂಕಿಗಳು ಬೇರೆಯೇ ಹೇಳುತ್ತಿದ್ದವು. ಒಂದು ಅಲೆಗೂ ಇನ್ನೊಂದು ಅಲೆಗೂ ನಡುವಿನ ಹೊತ್ತು ಉದ್ದವಾಗುತ್ತ ಹೋಗಿತ್ತು. ಎಲ್ಲೋ ಬಹು ದೂರದಲ್ಲಿ ಎದ್ದು ಅಲ್ಲೇ ಸತ್ತ ಬಿರುಗಾಳಿಯ ಅಲೆಗಳು ಇವು. ಇವಕ್ಕೆ ಗಾಳಿಯ ಹಂಗಿಲ್ಲ. ಆಳದಲ್ಲಿ ಕಣ್ಣಿಗೂ ಬೀಳುವುದಿಲ್ಲ, ದೋಣಿಯನ್ನು ತೊಟ್ಟಿಲಿನಂತೆ ತೂಗಿ ಮುಂದೆ ಹೋಗುತ್ತವೆ. ದಿಬ್ಬ ಕಾಲಿಗೆ ತಗುಲಿದಾಗಲೇ ಎದ್ದು ನಿಲ್ಲುವುದು. ಲೆಕ್ಕದ ಪ್ರಕಾರ ಅವು ಮಧ್ಯಾಹ್ನಕ್ಕೆ ಅಳಿವೆ ಮುಟ್ಟಬೇಕು. ನೀರು ಇಳಿಯಲು ತೊಡಗುವುದೂ ಆಗಲೇ.

ಬೆಳಗಿನ ವರದಿಯಲ್ಲಿ ಓದಿದಳು: ಮಧ್ಯಾಹ್ನದಿಂದ ಸಂಜೆ ಉಬ್ಬರ ತೊಡಗುವವರೆಗೆ ಅಳಿವೆ ಮುಚ್ಚಿರುತ್ತದೆ.

ಓದಿ ಮುಗಿಸುವುದರೊಳಗೆ ಕೆಳಗೆ ಜನ ಸೇರಿದರು. ಪ್ರವಾಸಿಗಳನ್ನು ಸುತ್ತಾಡಿಸುವ ದೋಣಿಯವರಿಗೆ ರಜೆಯ ದಿನದ ಮಧ್ಯಾಹ್ನವೆಂದರೆ ಹಬ್ಬ. ಅವರಲ್ಲಿ ಹಿರಿಯನೊಬ್ಬ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ.

“ಮೇಡಂ, ಗಾಳಿ ಎಲ್ಲಿದೆ, ಒಂಚೂರು ತೋರಿಸಿ. ಬೀಡಿ ಹಚ್ಚಿದ್ರೆ ಹೊಗೆ ಮೂಗು ಬಿಟ್ಟು ಹೋಗ್ತಿಲ್ಲ!”

“ಗಾಳಿ ಇದೆ ಅಂತ ನಾನೆಲ್ಲಿ ಹೇಳ್ದೆ? ಅಲೆ ಬರುತ್ತೆ ಅಂದೆ.”

“ಹೋದ ತಿಂಗಳೂ ಬರುತ್ತೆ ಅಂದಿದ್ರಿ. ನಾವು ಸಂಜೆ ತನಕ ಬಾಗಿಲಲ್ಲಿ ಕಾಯ್ಕೊಂಡು ಕೂತಿದ್ವಿ. ಆ ಪುಣ್ಯಾತ್ಮ ಬರ್ಲೇ ಇಲ್ಲ.”

ಎಲ್ಲರೂ ನಕ್ಕರು. ಅವಳೂ ತುಸು ನಕ್ಕಳು. ಅದು ನಿಜವಾಗಿತ್ತು. ಹೋದ ತಿಂಗಳು ಅಲೆ ಬಂದಿರಲಿಲ್ಲ. ಬರದೆ ಹೋದದ್ದಕ್ಕೆ ಯಾರೂ ಸಾಯುವುದಿಲ್ಲ ಎಂಬುದು ಆಗ ಅವಳ ಲೆಕ್ಕವಾಗಿತ್ತು.

ತಂಗಿ ಬೆಳಗಿನ ಒಂದು ಸರದಿ ದ್ವೀಪಕ್ಕೆ ಹೋಗಿ, ಮುಚ್ಚುವ ಮುಂಚೆಯೇ ವಾಪಸು ಬಂದಳು. ಹಿಂದಿನ ದಿನ ಸ್ನೇಹಿತರ ಜೊತೆ ಇಸ್ಪೀಟಾಡಲು ದ್ವೀಪಕ್ಕೆ ಹೋಗಿದ್ದ ಅಪ್ಪನನ್ನು ಕರೆದುಕೊಂಡು ಬರಬೇಕಿತ್ತು. ಅವನು ಬರಲಿಲ್ಲ.

“ಸೋತಿದಾನಂತೆ. ಗೆಲ್ಲೋವರೆಗೂ ಏಳಲ್ಲ ಅಂದ,” ಎಂದು ರೇಡಿಯೋದಲ್ಲೇ ತಂಗಿ ಹೇಳಿದಳು. “ಸಂಜೆ ಕರ್ಕೊಂಡ್ಬರ್ತೀನಿ ಬಿಡು.”

“ಕಚೇರಿ ರೇಡಿಯೋದಲ್ಲಿ ಮನೆ ಮಾತು ಬೇಡ,” ಎಂದಳು ಅಕ್ಕ.

“ಆಯ್ತು ಮೇಡಂ,” ಎಂದು ತಂಗಿ ಅಣಕಿಸಿದಳು. ಸೀನಪ್ಪ ಸೀನುವ ನೆಪದಲ್ಲಿ ಮುಖ ಮುಚ್ಚಿಕೊಂಡು ನಕ್ಕ.

ಬಾವುಟ ಏರಿತು. ಊಟದ ಹೊತ್ತಿಗೆ ಅಳಿವೆ ಕನ್ನಡಿಯ ಹಾಗಿತ್ತು. ಅವಳು ಡಬ್ಬಿ ಬಿಚ್ಚುವಷ್ಟರಲ್ಲಿ ದೂರವಾಣಿ ಬಂತು.

“ಮೇಡಂ, ನಾನು ದ್ವೀಪದ ಆರೋಗ್ಯ ಕೇಂದ್ರದ ನರ್ಸು. ಗಾಬರಿ ಆಗಬೇಡಿ. ನಿಮ್ಮ ತಂದೆ ಆಡ್ತಾ ಆಡ್ತಾ ಇಸ್ಪೀಟ್ ಎಲೆ ಕೈಯಿಂದ ಬೀಳಿಸಿದ್ರಂತೆ. ಎತ್ತೋಕೆ ಹೋದ್ರೆ ಬಲಗೈ ಏಳ್ತಿಲ್ಲ. ಬಾಯಿ ಒಂದು ಪಕ್ಕಕ್ಕೆ ಎಳೆದಿದೆ. ಮಾತು ಹೊರಡ್ತಿಲ್ಲ. ಲಕ್ವ ಅಂತಲೇ ಕಾಣುತ್ತೆ. ಇಲ್ಲಿ ನನ್ನ ಹತ್ರ ಏನೂ ಇಲ್ಲ. ಎಷ್ಟು ಬೇಗ ದೊಡ್ಡಾಸ್ಪತ್ರೆಗೆ ಸೇರಿಸ್ತೀರೋ ಅಷ್ಟು ಒಳ್ಳೇದು.”

“ಪ್ರಜ್ಞೆ ಇದೆಯಾ?”

“ಇದೆ. ಎಲ್ಲಾ ಗೊತ್ತಾಗ್ತಿದೆ. ಅದೇ ಕಷ್ಟ.”

ಅವಳ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕರಾವಳಿ ರಕ್ಷಣೆಯವರಿಗೆ ಫೋನ್ ಮಾಡಿ ಹೆಲಿಕಾಪ್ಟರ್ ಕೇಳಿದಳು. ಇದ್ದ ಒಂದು ಹೆಲಿಕಾಪ್ಟರ್ ಕೆಟ್ಟು ನಿಂತ ಹಡಗೊಂದರ ಜನರನ್ನು ಇಳಿಸಲು ಹೋಗಿತ್ತು. ಸಂಜೆಯಾಗುತ್ತದೆ ಎಂದರು. ತಂಗಿಗೆ ಫೋನ್ ಮಾಡಬೇಕು ಎಂದುಕೊಳ್ಳುವಷ್ಟರಲ್ಲಿ ಅವಳದೇ ಕರೆ ಬಂತು. ದ್ವೀಪದಿಂದ ಅವಳಿಗೂ ಸುದ್ದಿ ಮುಟ್ಟಿತ್ತು.

“ಅಕ್ಕ, ಬಾವುಟ ಇಳಿಸು. ಹೋಗಿ ಬಂದ್ಬಿಡ್ತೀನಿ.”

“ಈಗ ಆಗಲ್ಲ ಕಣೆ. ನೀರು ಇಳೀತಾ ಇದೆ.”

“ಅಳಿವೆ ನೋಡು. ಹಾಲು ಚೆಲ್ಲಿದ ಹಾಗಿದೆ.”

“ಈಗ ಹಾಗಿದೆ. ಹೆಲಿಕಾಪ್ಟರ್ ಕೇಳಿದೀನಿ.”

“ಯಾವಾಗ ಬರುತ್ತೆ?”

“ಸಂಜೆ ಅಂದ್ರು.”

“ಸಂಜೆ ನಾನೇ ಹೋಗ್ತೀನಲ್ಲ, ಅದಕ್ಕೆ ಹೆಲಿಕಾಪ್ಟರ್ ಯಾಕೆ?” ತಂಗಿಯ ದನಿ ಏರಿತು. “ದೋಣೀಲಿ ನಾನೊಬ್ಳೇ ಹೋಗ್ತೀನಿ. ಇವರನ್ನೂ ಕರ್ಕೊಂಡು ಹೋಗಲ್ಲ. ಮುಳುಗಿದ್ರೆ ನಾನೊಬ್ಳೇ ಮುಳುಗ್ತೀನಿ.”

“ನಿನ್ನೊಬ್ಳನ್ನ ಬಿಟ್ರೆ ಬಂದರು ಕಟ್ಟೇಲಿ ನಿಂತಿರೋ ಅಷ್ಟೂ ದೋಣಿ ಬಿಡಬೇಕಾಗುತ್ತೆ. ಅವುಗಳ ತುಂಬ ಜನ ಇದಾರೆ, ಮಕ್ಕಳಿದಾರೆ.”

“ಅಪ್ಪ ಅಲ್ಲಿ ಬಾಯಿ ತಿರುಚ್ಕೊಂಡು ಕೂತಿದಾನೆ. ನೀನು ಇಲ್ಲಿ ಕಟ್ಟೆ ಲೆಕ್ಕ ಹಾಕ್ತಾ ಕೂತಿದೀಯ.”

ಅಕ್ಕನ ಬಳಿ ಇದ್ದದ್ದು ಆಗಲೇ ಹೇಳಿದ ಉತ್ತರವೇ. ಅದನ್ನೇ ಮತ್ತೆ ಹೇಳಿದಳು. ತಂಗಿ ಫೋನ್ ಇಟ್ಟಳು.

ಸ್ವಲ್ಪ ಹೊತ್ತಿಗೆ ಹಳದಿ ದೋಣಿಯ ಹಗ್ಗ ಬಿಚ್ಚಿದ್ದು ಗಾಜಿನಾಚೆ ಕಾಣಿಸಿತು. ತಂಗಿಯ ಗಂಡ ಕಟ್ಟೆಯ ಮೇಲೆ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದ. ದೋಣಿ ಅವನನ್ನು ಬಿಟ್ಟು ಹೊರಟಿತು. ಕಟ್ಟೆಯ ಮೇಲಿನ ಉಳಿದ ದೋಣಿಯವರು ಎದ್ದು ನಿಂತರು. ಅವರು ನೋಡುತ್ತಿದ್ದದ್ದು ಅಳಿವೆಯನ್ನಲ್ಲ, ಗಾಜಿನ ಕೋಣೆಯನ್ನು. ತಂಗಿ ಹೋದರೆ ಹಿಂದೆಯೇ ತಾವೂ ಹಗ್ಗ ಬಿಚ್ಚುವುದೆಂದು ಅವರ ನಿಲುವಿನಲ್ಲೇ ಗೊತ್ತಾಗುತ್ತಿತ್ತು.

ಅವಳು ರೇಡಿಯೋ ಎತ್ತಿಕೊಂಡಳು.

“ಬಂದರು ಕಚೇರಿಯಿಂದ ಹಳದಿ ದೋಣಿಗೆ. ಅಳಿವೆ ಮುಚ್ಚಿದೆ. ಕಟ್ಟೆಗೆ ಹಿಂತಿರುಗಿ.”

ವರದಿ ಓದುವ ದನಿಯೇ ಹೊರಟಿತು. ಬೇರೆ ದನಿಯಲ್ಲಿ ಹೇಳಲು ನೋಡಿದ್ದಳು, ಬರಲಿಲ್ಲ. ಆಚೆಯಿಂದ ಉತ್ತರವಿಲ್ಲ. ಮತ್ತೊಮ್ಮೆ ಹೇಳಿದಳು. ಬರಿಯ ಸರಸರ ಸದ್ದು.

“ಆಫ್ ಮಾಡಿದಾರೆ ಮೇಡಂ,” ಎಂದ ಸೀನಪ್ಪ ಮೆಲ್ಲಗೆ.

ಅವಳು ರೇಡಿಯೋ ಮೇಜಿನ ಮೇಲಿಟ್ಟು ದುರ್ಬೀನು ಎತ್ತಿಕೊಂಡಳು. ಹಳದಿ ದೋಣಿ ಅಳಿವೆಯ ಒಳಬದಿಗೆ ಹೋಗಿ, ಎಂಜಿನ್ ಸಣ್ಣಗೆ ಮಾಡಿಕೊಂಡು ನಿಂತಿತು. ತಂಗಿ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಿದ್ದಳು. ಹೀಗೆ ನಿಂತು ಅಲೆ ಓದುವುದನ್ನು ಅಪ್ಪನೇ ಕಲಿಸಿದ್ದು. ದೊಡ್ಡ ಅಲೆಗಳು ಗುಂಪುಗಟ್ಟಿ ಬರುತ್ತವೆ. ಗುಂಪು ಹೋದ ಮೇಲೆ ಸ್ವಲ್ಪ ಹೊತ್ತು ಬಾಗಿಲು ತೆರೆದಿರುತ್ತದೆ. ಆದರೆ ಮೊದಲ ಗುಂಪನ್ನೇ ಕಾಣದವರಿಗೆ, ಅದು ಬರಲಿದೆಯೋ ಬರುವುದೇ ಇಲ್ಲವೋ ಹೇಗೆ ತಿಳಿಯಬೇಕು?

ಅಳಿವೆ ನಯವಾಗಿಯೇ ಇತ್ತು. ಹಳದಿ ದೋಣಿ ಮುಂದೆ ಸರಿಯಿತು. ದಿಬ್ಬಕ್ಕೆ ಕೂಗಳತೆಯಷ್ಟು ದೂರವಿದ್ದಾಗ ಸಮುದ್ರದ ಅಂಚಿನಲ್ಲಿ ಒಂದು ಗೆರೆ ದಪ್ಪವಾಯಿತು. ಅದು ಬಂತು. ದಿಬ್ಬದ ಮೇಲೆ ಎದ್ದು ನಿಂತಾಗ ಅದರ ಹೊಟ್ಟೆಯಲ್ಲಿ ಮರಳಿನ ಬಣ್ಣ ಕಾಣಿಸಿತು. ಆಮೇಲೆ ಅಳಿವೆಯ ಈ ದಡದಿಂದ ಆ ದಡಕ್ಕೆ ಒಂದೇ ಸಮನೆ ಒಡೆದು ಬಿಳಿಯಾಯಿತು. ಸದ್ದು ಗಾಜಿನ ಕೋಣೆಗೆ ಕೊಂಚ ತಡವಾಗಿ ಮುಟ್ಟಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

ನೊರೆ ಹಳದಿ ದೋಣಿಯವರೆಗೂ ಬಂದು ಅದನ್ನು ಎತ್ತಿ ಇಳಿಸಿತು. ರೇಡಿಯೋ ಮೇಜಿನ ಮೇಲೇ ಇತ್ತು. ದೋಣಿ ಮೂತಿ ತಿರುಗಿಸಿತು. ಸುತ್ತು ಹಾಕಿ ಕಟ್ಟೆಯ ಕಡೆಗೆ ವಾಪಸು ಹೊರಟಿತು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಕೂತರು.

“ಅಬ್ಬ, ಬಂತಲ್ಲ ಮೇಡಂ,” ಎಂದ ಸೀನಪ್ಪ. ಅಲೆಯೋ, ದೋಣಿಯೋ, ಯಾವುದೆಂದು ಹೇಳಲಿಲ್ಲ.

ಆದರೆ ಆಮೇಲೆ ಸಮುದ್ರ ಸುಮ್ಮನಾಯಿತು. ಹೇಗೆ ಸುಮ್ಮನಾಯಿತೆಂದರೆ, ಅಳಿವೆಯಲ್ಲಿ ಕಾಗದದ ದೋಣಿ ಬಿಡಬಹುದಿತ್ತು. ಅವಳು ತೇಲುಯಂತ್ರದ ಅಂಕಿಗಳನ್ನು ಮತ್ತೆ ಮತ್ತೆ ನೋಡಿದಳು. ಅಲೆಗಳು ಬರುತ್ತಲೇ ಇದ್ದವು. ಆದರೆ ಬಹುಪಾಲು ದಾರಿ ಬದಲಿಸಿ ದಕ್ಷಿಣಕ್ಕೆ ಜಾರುತ್ತಿದ್ದವು. ಜಾರುತ್ತಿದ್ದವೋ, ತಡವಾಗಿ ಬರುವವೋ, ಅದು ಅಂಕಿಗಳಲ್ಲಿರಲಿಲ್ಲ. ಎರಡು ಸಲ ಅವಳ ಕೈ ಬಾವುಟದ ಹಗ್ಗದವರೆಗೆ ಹೋಗಿ ಬಂತು. ನರ್ಸು ಇನ್ನೆರಡು ಸಲ ಫೋನ್ ಮಾಡಿದಳು. ಕೆಳಗೆ ತಂಗಿ ದೋಣಿಯ ಅಂಚಿನಲ್ಲಿ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದಳು. ಒಮ್ಮೆಯೂ ಮೇಲೆ ನೋಡಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಳಿವೆ ಇನ್ನೊಂದು ಸಲ ಒಡೆಯಿತು. ಇಡೀ ಮಧ್ಯಾಹ್ನಕ್ಕೆ ಅಷ್ಟೇ.

ಉಬ್ಬರ ತೊಡಗಿದ ಕೂಡಲೇ ಬಾವುಟ ಇಳಿಯಿತು. ಹಳದಿ ದೋಣಿ ಬಾಣದ ಹಾಗೆ ಹೋಗಿ, ಕತ್ತಲಾಗುವ ಮೊದಲೇ ಅಪ್ಪನನ್ನು ತಂದಿತು. ಹೆಲಿಕಾಪ್ಟರಿನವರು ಆಗ ಫೋನ್ ಮಾಡಿ, ಈಗ ಹೊರಡಬೇಕೇ ಎಂದು ಕೇಳಿದರು.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಡಾಕ್ಟರು ಇಬ್ಬರನ್ನೂ ನಿಲ್ಲಿಸಿ ಮಾತಾಡಿದರು. ಜೀವಕ್ಕೆ ಅಪಾಯವಿಲ್ಲ. ಕಾಲು ಸ್ವಲ್ಪ ಸುಧಾರಿಸಬಹುದು. ಕೈ ಕಷ್ಟ. ಮಾತು ಎಷ್ಟು ಬರುತ್ತದೋ ನೋಡಬೇಕು.

“ಬೇಗ ಬಂದಿದ್ರೆ?” ಎಂದಳು ತಂಗಿ.

“ಬೇಗ ಬಂದಿದ್ರೆ ಒಳ್ಳೇದಿತ್ತು. ಎಷ್ಟು ಒಳ್ಳೇದಿತ್ತು ಅಂತ ಯಾರಿಗೂ ಹೇಳೋಕಾಗಲ್ಲ,” ಎಂದು ಡಾಕ್ಟರು ಮುಂದಿನ ಕೋಣೆಗೆ ಹೋದರು.

ತಂಗಿ ಗೋಡೆಗೆ ಒರಗಿ ನಿಂತಳು. ಬಟ್ಟೆಯೆಲ್ಲ ಉಪ್ಪು ನೀರಿನಲ್ಲಿ ನೆನೆದು ಒಣಗಿ ಗರಿಗರಿಯಾಗಿತ್ತು.

“ಎರಡೇ ಸಲ ಒಡೀತು ಅಕ್ಕ. ಅಷ್ಟು ಹೊತ್ತಲ್ಲಿ ಎರಡೇ ಸಲ. ನೀನು ಬಿಟ್ಟಿದ್ರೆ ನಡುವೆ ನಾನು ಹೋಗಿ ಬಂದೇಬಿಟ್ಟಿರ್ತಿದ್ದೆ. ನೀನು ಬಿಡ್ಲಿಲ್ಲ.”

ನಿನ್ನನ್ನು ತಿರುಗಿಸಿದ್ದು ನಾನಲ್ಲ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ನಿನ್ನ ರೇಡಿಯೋ ಆಫ್ ಆಗಿತ್ತು, ನನ್ನ ಮಾತು ನಿನ್ನನ್ನು ಮುಟ್ಟಲೇ ಇಲ್ಲ, ಅಲೆ ನೋಡಿ ನೀನೇ ತಿರುಗಿದೆ. ಆ ಮಾತು ನಿಜವಿತ್ತು, ಸೀನಪ್ಪ ಸಾಕ್ಷಿಯಿದ್ದ. ತಂಗಿಯ ಮುಖ ನೋಡಿದಳು. ಈ ಮಾತು ಹೇಳಿದರೆ, ಇನ್ನು ಜನ್ಮವಿಡೀ ಅಪ್ಪನ ಬಾಯಿಗೆ ಅನ್ನದ ತುತ್ತು ಇಡುವಾಗಲೆಲ್ಲ ಇವಳು ಆ ದಿಬ್ಬದ ಮುಂದೆಯೇ ನಿಂತಿರುತ್ತಾಳೆ ಎಂದು ಅನ್ನಿಸಿತು. ತನಗಾದರೆ ಬಾವುಟವಿದೆ, ಕಚೇರಿಯಿದೆ, ನಿಯಮವಿದೆ. ಇವಳಿಗೆ ಏನೂ ಇಲ್ಲ.

“ಹೂಂ. ಬಿಡ್ಲಿಲ್ಲ,” ಎಂದಳು.

ಅಲ್ಲಿಂದ ಇಬ್ಬರಿಗೂ ಮಾತು ನಿಂತಿತು.

ಅಪ್ಪ ಮನೆಗೆ ಬಂದ. ಕೋಲು ಹಿಡಿದು ಅಂಗಳದವರೆಗೆ ನಡೆಯುವುದನ್ನು ಕಲಿತ. ಆದರೆ ಅಷ್ಟು ದೊಡ್ಡ ಮಾತಿನ ಉಗ್ರಾಣದಲ್ಲಿ ಒಂದೇ ಒಂದು ಮಾತು ಉಳಿದಿತ್ತು: ಹೋಗಲಿ. ಅದು ಯಾಕೆ ಉಳಿಯಿತೋ, ಬೇರೆ ಯಾವುದೂ ಯಾಕೆ ಉಳಿಯಲಿಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ. ಬಾಯಾರಿದರೆ ಹೋಗಲಿ, ಹಸಿದರೆ ಹೋಗಲಿ, ಸಿಟ್ಟು ಬಂದರೆ ಹೋಗಲಿ ಹೋಗಲಿ. ನೋಡಲು ಬಂದ ಹಜಾಮನನ್ನು ಕಂಡು ಕಣ್ಣೀರು ಸುರಿಸುತ್ತ ಹೋಗಲಿ ಎಂದ. ಹಜಾಮನಿಗೆ ತನ್ನನ್ನೇ ಹೋಗು ಎನ್ನುತ್ತಿದ್ದಾನೆಂದು ಅನುಮಾನ ಬಂದು ಎದ್ದು ನಿಂತ, ಅಕ್ಕ ಕೂರಿಸಬೇಕಾಯಿತು. ಮೊದಮೊದಲು ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು, ಅಪ್ಪ ತನ್ನನ್ನು ಕ್ಷಮಿಸಿದನೇನೋ ಎಂದು ಹತ್ತಿರ ಹೋಗಿ ನೋಡಿದರೆ ಅವನು ಲೋಟ ತೋರಿಸುತ್ತಿರುತ್ತಿದ್ದ.

ತಂಗಿ ದಿನವೂ ಬರುತ್ತಿದ್ದಳು, ಅಕ್ಕ ಗಾಜಿನ ಕೋಣೆಯಲ್ಲಿರುವ ಹೊತ್ತು ನೋಡಿಕೊಂಡು. ಅಕ್ಕ ಮನೆಗೆ ಬಂದಾಗ ಅಪ್ಪನಿಗೆ ಸ್ನಾನವಾಗಿರುತ್ತಿತ್ತು, ಉಗುರು ಕತ್ತರಿಸಿರುತ್ತಿತ್ತು, ಪಾತ್ರೆಗಳು ಅವಳು ಇಡದ ಜಾಗದಲ್ಲಿ ಮಗುಚಿರುತ್ತಿದ್ದವು. ಮಾತೇನಾದರೂ ಇದ್ದರೆ ತಂಗಿಯ ಗಂಡನೇ ಹೊತ್ತು ತರಬೇಕು.

“ಅತ್ತಿಗೆ, ಅಪ್ಪನ ಬಿಳಿ ಮಾತ್ರೆ ಮುಗಿದಿದೆಯಂತೆ.”

“ತಂದಿದೀನಿ ಅಂತ ಹೇಳಿ.”

“ಆಯ್ತು. ಅಪ್ಪನಿಗೆ ಉಪ್ಪು ಜಾಸ್ತಿ ಹಾಕ್ತಿದೀರಂತೆ.”

“ಹಾಕ್ತಿಲ್ಲ ಅಂತ ಹೇಳಿ.”

“ಹಾಗೆ ಅಂದ್ರೆ ಏನು ಹೇಳ್ತಾಳೆ ಅಂತಲೂ ಹೇಳಿ ಕಳಿಸಿದಾಳೆ. ಅದನ್ನ ಹೇಳ್ಲೋ ಬೇಡ್ವೋ?”

“ಬೇಡ.”

“ಬದುಕಿಸಿದ್ರಿ,” ಎಂದು ಅವನು ಕೂತು ನೀರು ಕುಡಿದ. ಹೋಗುವಾಗ, ಏನೋ ನೆನಪಾದವನಂತೆ ಹೇಳಿದ: “ಅವತ್ತು ದೋಣಿ ತೊಳೆಯೋಕೆ ಹೋದಾಗ ರೇಡಿಯೋ ಆಫ್ ಆಗಿತ್ತು ಅತ್ತಿಗೆ. ನೀರು ಹೊಕ್ಕು ಕೆಟ್ಟಿರಬೇಕು ಅಂದ್ಕೊಂಡೆ. ಹಾಕಿದ್ರೆ ಸರಿಯಾಗಿ ಓಡ್ತಿದೆ.”

“ಒಳ್ಳೇದಾಯ್ತು,” ಎಂದಳು ಅಕ್ಕ.

ಬಂದರಿನವರು ಅವಳು ಮಾಡಿದ್ದು ಸರಿ ಎಂದೂ ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಅವಳೂ ರಾತ್ರಿ ಅಂಕಿಗಳನ್ನು ನೆನೆದು ನಿದ್ದೆಗೆಡುವುದನ್ನು ಕ್ರಮೇಣ ಬಿಟ್ಟಳು. ಅದೇ ಅಂಕಿ ಮತ್ತೆ ಬಂದರೆ ಅದೇ ಬಾವುಟ ಏರಿಸುತ್ತಿದ್ದಳು. ಈ ವಿಷಯದಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೆ ಅದರಿಂದ ಸಮಾಧಾನವೇನೂ ಆಗುತ್ತಿರಲಿಲ್ಲ.

ಹೀಗೆ ಮಳೆಗಾಲ ಕಳೆಯಿತು. ಸಮುದ್ರ ಶಾಂತವಾಗಿ, ಪ್ರವಾಸಿಗಳು ಮತ್ತೆ ಬರತೊಡಗಿದ ದಿನಗಳಲ್ಲಿ ಒಮ್ಮೆ ಬಾವುಟ ಏರಿತು. ಈ ಸಲ ಗಾಳಿಯೂ ಇತ್ತು, ಆದರೆ ಹೇಳಿಕೊಳ್ಳುವಂಥದ್ದಲ್ಲ. ಹಳದಿ ದೋಣಿಯನ್ನು ತಂಗಿ ತಾನಾಗಿಯೇ ಕಟ್ಟಿ ಹಾಕಿದಳು. ಆಗ ಪಟ್ಟಣದಿಂದ ಹೊಸ ಸ್ಪೀಡ್‌ಬೋಟ್ ತಂದಿದ್ದ ಒಬ್ಬ ಶ್ರೀಮಂತ, ಕಪ್ಪು ಕನ್ನಡಕ ಹಾಕಿಕೊಂಡು, ಸ್ನೇಹಿತರನ್ನು ತುಂಬಿಕೊಂಡು ಕಟ್ಟೆಯಲ್ಲಿ ರೇಗಾಡುತ್ತಿದ್ದ. ಕಚೇರಿಯ ಕಿಟಕಿಗಳೆಲ್ಲ ತೆರೆದಿದ್ದವು. ಮಾತು ಮೇಲಕ್ಕೆ ಚೆನ್ನಾಗಿ ಕೇಳುತ್ತಿತ್ತು.

“ಯಾರ್ರೀ ಆಯಮ್ಮ? ನಾನು ಮೇಲಿನವರಿಗೆ ಒಂದು ಫೋನ್ ಮಾಡಿದ್ರೆ ಬಾವುಟ ತಾನಾಗೇ ಇಳಿಯುತ್ತೆ.”

“ಮಾಡಿ ಸ್ವಾಮಿ,” ಎಂದದ್ದು ತಂಗಿಯ ದನಿ. “ಯಾರಿಗೆ ಬೇಕಾದ್ರೂ ಮಾಡಿ. ಅವಳು ಹೆತ್ತಪ್ಪನಿಗೇ ಬಾವುಟ ಇಳಿಸಿದವಳಲ್ಲ. ನಿಮಗೆ ಇಳಿಸ್ತಾಳಾ?”

ಕಟ್ಟೆಯ ಮೇಲೆ ಕೂತಿದ್ದ ಬೀಡಿ ಸೇದುವ ಹಿರಿಯ ಗಟ್ಟಿಯಾಗಿ ನಕ್ಕ. ಸ್ಪೀಡ್‌ಬೋಟಿನವನು ಫೋನ್ ಜೇಬಿಗೆ ಹಾಕಿಕೊಂಡು ಸ್ನೇಹಿತರನ್ನು ಊಟಕ್ಕೆ ಕರೆದುಕೊಂಡು ಹೋದ. ಗಾಜಿನ ಕೋಣೆಯಲ್ಲಿ ಅಕ್ಕ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. ಅದು ಬೈಗುಳವೋ ಹೊಗಳಿಕೆಯೋ ಅವಳಿಗೆ ತಿಳಿಯಲಿಲ್ಲ. ಹೇಳಿದವಳಿಗೂ ತಿಳಿದಿರಲಿಕ್ಕಿಲ್ಲ.

ಮಾರನೆಯ ದಿನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಸೀನಪ್ಪ ತಟ್ಟನೆ ಎದ್ದು, ಚಹಾ ಕುಡಿದು ಬರ್ತೀನಿ ಎಂದು ಕಾಲಿಗೆ ಬುದ್ಧಿ ಹೇಳಿದ. ಅವನ ಚಹಾ ಮೇಜಿನ ಮೇಲೇ ಹಬೆಯಾಡುತ್ತಿತ್ತು.

“ದೋಣಿ ತಳಕ್ಕೆ ಚಿಪ್ಪು ಹಿಡಿದಿದೆ,” ಎಂದಳು ತಂಗಿ, ಗೋಡೆಯ ನಕ್ಷೆ ನೋಡುತ್ತ. “ಮರಳಿಗೆ ಹತ್ತಿಸಿ ಕೆರೀಬೇಕು. ನೀರು ಚೆನ್ನಾಗಿ ಇಳಿಯೋದು ಯಾವಾಗ?”

ಅದು ಬೆಳಗಿನ ವರದಿಯಲ್ಲೇ ಇತ್ತು. ಕೆಳಗೆ ಹಲಗೆಯ ಮೇಲೂ ಬರೆದಿತ್ತು. ಅಕ್ಕ ಅದನ್ನು ಹೇಳಲಿಲ್ಲ.

“ಭಾನುವಾರ ಬೆಳಿಗ್ಗೆ. ಹೊತ್ತು ಏರೋದರೊಳಗೆ ಪೂರಾ ಇಳಿದಿರುತ್ತೆ.”

“ಎಷ್ಟು ಹೊತ್ತು ಸಿಗುತ್ತೆ?”

“ಒಬ್ಬಳಾದ್ರೆ ಸಾಲಲ್ಲ.”

ತಂಗಿ ನಕ್ಷೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದಳು. “ಇವರಿಗೆ ಚಿಪ್ಪು ಕೆರೆಯೋಕೆ ಬರಲ್ಲ. ಕೈ ಕೊಯ್ಕೋತಾರೆ.”

“ನಾನು ಬರ್ತೀನಿ.”

“ಅಪ್ಪ?”

“ಕುರ್ಚಿ ಹಾಕಿ ಮರಳಿನ ಮೇಲೆ ಕೂರಿಸೋಣ.”

ಭಾನುವಾರ ಹಳದಿ ದೋಣಿ ಒಂದು ಮಗ್ಗುಲಿಗೆ ವಾಲಿ ಒದ್ದೆ ಮರಳಿನ ಮೇಲೆ ಮಲಗಿತ್ತು. ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, ಎಡಗೈಯಿಂದ ಅಲ್ಲಿ ಕೆರಿ, ಇಲ್ಲಿ ಕೆರಿ ಎಂದು ತೋರಿಸುತ್ತಿದ್ದ. ಅಕ್ಕತಂಗಿಯರು ಸೆರಗು ಸಿಕ್ಕಿಸಿ, ಕಬ್ಬಿಣದ ಪಟ್ಟಿ ಹಿಡಿದು ಹಲಗೆಗಳ ಮೇಲಿನ ಚಿಪ್ಪು ಎಬ್ಬಿಸತೊಡಗಿದರು. ಅಕ್ಕನಿಗೆ ಅಭ್ಯಾಸ ತಪ್ಪಿತ್ತು. ಸ್ವಲ್ಪದರಲ್ಲೇ ಕೈಯಲ್ಲಿ ಬೊಬ್ಬೆ ಎದ್ದಿತು. ತಂಗಿ ಬಟ್ಟೆ ಹರಿದು ಕೊಟ್ಟಳು. ಇಬ್ಬರೂ ಒಂದೊಂದೇ ಹಲಗೆ ಮುಗಿಸುತ್ತ ಮುಂದೆ ಸರಿದರು.

“ಅವತ್ತು ನಾನು ರೇಡಿಯೋ ಆಫ್ ಮಾಡಿದ್ದೆ,” ಎಂದಳು ತಂಗಿ, ಕೈ ನಿಲ್ಲಿಸದೆ.

“ಗೊತ್ತು.”

“ಯಾವಾಗಿಂದ?”

“ಅವತ್ತಿಂದಾನೆ.”

ತಂಗಿ ಒಂದು ಚಿಪ್ಪನ್ನು ಬೇಕಾದ್ದಕ್ಕಿಂತ ಜೋರಾಗಿ ಕಿತ್ತಳು. “ಹೇಳಬಹುದಿತ್ತಲ್ಲ ಮತ್ತೆ? ಇಷ್ಟು ದಿನ ನಾನು ಮುಖ ಊದಿಸ್ಕೊಂಡು ತಿರುಗಿದ್ದು ನೋಡ್ತಾ ಕೂತಿದ್ಯಾ?”

“ಹೇಳಿದ್ರೆ ಏನಾಗ್ತಿತ್ತು?”

ತಂಗಿ ಯೋಚಿಸಿದಳು. “ಜಗಳ ಬೇಗ ಮುಗೀತಿತ್ತು.”

“ಇಲ್ಲಾಂದ್ರೆ ಮುಗೀತಾನೇ ಇರ್ಲಿಲ್ಲ.”

ತಂಗಿ ಮೂಗಿನಿಂದ ಒಂದು ಸದ್ದು ಮಾಡಿದಳು. ಅದು ನಗುವಿಗೆ ಹತ್ತಿರವಿತ್ತು. ಮೊಣಕೈಯಿಂದ ಕಣ್ಣು ಒರೆಸಿಕೊಂಡು, “ಆ ಹಲಗೆ ಸಂದೀಲಿ ಬಿಟ್ಟಿದೀಯ ನೋಡು,” ಎಂದಳು. ಅಕ್ಕ ಬಗ್ಗಿ ಆ ಸಂದಿಯನ್ನು ಕೆರೆದಳು.

ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ನೀರು ಮರಳಿ ಬಂದು ಪಾದ ಮುಟ್ಟಿತು. ಇನ್ನೊಂದು ಮಗ್ಗುಲು ಹಾಗೇ ಉಳಿಯಿತು. ಇಬ್ಬರೂ ಕಬ್ಬಿಣದ ಪಟ್ಟಿಗಳನ್ನು ಬುಟ್ಟಿಗೆ ಹಾಕಿ, ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಮೇಲಿನ ಒಣ ಮರಳಿಗೆ ತಂದು ಇಟ್ಟರು.

“ನಾಳೆ?” ಎಂದಳು ತಂಗಿ, ಏದುಸಿರು ಬಿಡುತ್ತ.

“ನಾಳೆ ಇನ್ನೂ ತಡವಾಗಿ ಇಳಿಯುತ್ತೆ. ನನಗೆ ಕಚೇರಿ ಇದೆ. ಬೆಳಗಿನ ವರದಿ ಓದಿ, ಸೀನಪ್ಪನ್ನ ಕೂರಿಸಿ ಬರ್ತೀನಿ.”

“ಬರೋವಾಗ ಉಪ್ಪಿಲ್ಲದ ಗಂಜಿ ತಗೊಂಡು ಬಾ ಅಪ್ಪನಿಗೆ,” ಎಂದು ತಂಗಿ ದೋಣಿಯ ಹಗ್ಗ ಬಿಗಿ ಮಾಡಲು ನೀರಿಗಿಳಿದಳು.